ಮುಳ್ಳಿಲ್ಲದ ಗಿಡಕ್ಕೆ ನಾನು ಮುಳ್ಳು ಬರಿಸಿದ್ದು

ನನ್ನ ಗೆಳೆಯನ ಬ್ಲ್ಯಾಕ್‌ಬೆರಿ ಗಿಡವನ್ನು ನಮ್ಮ ಹಿತ್ತಲಲ್ಲಿ ನೆಟ್ಟು, ಬೆಳೆಸಿ, ಅದರ ಹಣ್ಣನ್ನು ಒಂದು ಬೊಗಸೆ ತುಂಬ ಅತ್ತಿಗೆಯ ಕೈಗೆ ಹಾಕಿಯೇ ಸಿದ್ಧ ಎಂದು ನಾನು ಮೂವರ ಮುಂದೆ ಘೋಷಿಸಿದೆ. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬರು ಅತ್ತಿಗೆ, ಅಂದರೆ ಗೆಳೆಯನ ಹೆಂಡತಿ. ಮೂರನೆಯವನು ಗೆಳೆಯನೇ. ಅವನು ಗೋಡೆಯ ಮೇಲಿನ ಫೋಟೊ ಆಗಿ ಆಗ ಮೂರು ವಾರವಾಗಿತ್ತು. ಬದುಕಿದ್ದಾಗ ನಾನು ಏನು ಘೋಷಿಸಿದರೂ "ಆಯ್ತು ಬಿಡು, ನೋಡೋಣ" ಎನ್ನುತ್ತಿದ್ದವನು ಅಂದು ಸುಮ್ಮನಿದ್ದ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಘೋಷಣೆಗೆ ನನ್ನಲ್ಲಿ ಬಂಡವಾಳ ಇಲ್ಲದೇ ಇರಲಿಲ್ಲ. ಮೂವತ್ತೊಂದು ವರ್ಷ ಒಂದೇ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನು ನಾನು. ಹಾಳೆಯ ಮೇಲೆ ಕೂತ ನೊಣವನ್ನೂ ಅದು ಸೊನ್ನೆಯೋ ಅಲ್ಲವೋ ಎಂದು ಪರೀಕ್ಷಿಸಿಯೇ ಓಡಿಸಿದ ಕಣ್ಣು ನನ್ನದು. ಈ ಕಣ್ಣಿಗೆ ತಪ್ಪಿಸಿಕೊಂಡು ಒಂದು ಗಿಡ ಹೇಗೆ ಸಾಯುತ್ತದೆ, ನಾನೂ ನೋಡುತ್ತೇನೆ ಎಂಬುದು ನನ್ನ ಧೋರಣೆ. ನೋಡಿದೆ.

ಗೆಳೆಯ ಅದೇ ಪ್ರೆಸ್ಸಿನ ಕೆಳಮಹಡಿಯಲ್ಲಿ ಬೈಂಡರ್. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡು ಓಡಾಡುತ್ತಿದ್ದುದರಿಂದ ಎಲ್ಲರೂ ಅವನನ್ನು ಅಂಟು ಎಂದೇ ಕರೆಯುತ್ತಿದ್ದರು. ಅವನು ನನಗಿಟ್ಟ ಹೆಸರು ತಿದ್ದುಪಡಿ. ಅವನ ಪಕ್ಕದ ಮೇಜಿನಲ್ಲಿ ಕೂತು ಫಾರಂಗಳನ್ನು, ಅಂದರೆ ಮಡಿಸಿದ ಅಚ್ಚಿನ ಹಾಳೆಗಳನ್ನು, ಹೊಲಿಯುತ್ತಿದ್ದವರೇ ಅತ್ತಿಗೆ. ನಾನು ತಪ್ಪು ತೆಗೆದದ್ದನ್ನು ಅವರು ಹೊಲಿದು, ಅವನು ರಟ್ಟು ಹಾಕಿ, ಹೀಗೆ ಮೂವರೂ ಸೇರಿ ಎಷ್ಟು ಪುಸ್ತಕಗಳನ್ನು ಹೊರಗೆ ಕಳಿಸಿದೆವೋ ಲೆಕ್ಕ ಇಟ್ಟವರಿಲ್ಲ. ನಿವೃತ್ತಿಯಾದ ಮೇಲೂ ದಿನಾ ಸಂಜೆ ಐದೂವರೆಗೆ ನಾನು ಅವರ ಮನೆಗೆ ಹೋಗಿ ಚಹಾ ಕುಡಿಯುತ್ತಿದ್ದೆ. ಈಗಲೂ ಆ ಹೊತ್ತಿಗೆ ನನ್ನ ಕಾಲು ಚಪ್ಪಲಿ ಹುಡುಕುತ್ತದೆ.

ಗಿಡ ಬಂದದ್ದು ನಿವೃತ್ತಿಯ ವರ್ಷ. ಅಂಟು ಅದನ್ನು ನರ್ಸರಿಯಿಂದ ತಂದು, ತಾರಸಿಯ ಮೇಲೆ ಅರ್ಧಕ್ಕೆ ಕೊಯ್ದ ಡ್ರಮ್ಮಿನಲ್ಲಿ ನೆಟ್ಟು, ನನ್ನನ್ನು ಮೇಲಕ್ಕೆ ಕರೆದ.

"ಮುಟ್ಟಿ ನೋಡು. ಬೆರಿ ಅಂದ್ರೆ ಮೈಯೆಲ್ಲ ಮುಳ್ಳು. ಇದಕ್ಕೆ ಒಂದೂ ಇಲ್ಲ. ಹೈಬ್ರಿಡ್."

ಮುಟ್ಟಿದೆ. ಕೊಂಬೆ ಮಗುವಿನ ತೋಳಿನಷ್ಟು ನುಣುಪಾಗಿತ್ತು. ಗಿಡದ ಕೊರಳಿಗೆ ನರ್ಸರಿಯವರ ಚೀಟಿ ಕಟ್ಟಿತ್ತು, ಎರಡೂ ಬದಿಗೆ ಸಣ್ಣ ಅಕ್ಷರದಲ್ಲಿ ಏನೇನೋ ಸೂಚನೆ. ನನ್ನ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಎರಡು ನಿಮಿಷದಲ್ಲಿ ಮೂರು ತಪ್ಪು ಹಿಡಿದೆ.

"ತಿದ್ದಿದ್ದು ಸರಿ," ಎಂದ ಅಂಟು. "ಓದಿದ್ಯಾ?"

"ಓದದೆ ತಿದ್ದೋಕೆ ಆಗುತ್ತೇನೋ?"

"ಬೇರೆಯವರಿಗೆ ಆಗಲ್ಲ. ನಿನಗಾಗುತ್ತೆ."

ನಾನು ತಿದ್ದಿದ ಆ ಚೀಟಿಯನ್ನು ಅವನು ಬಿಸಾಡಲಿಲ್ಲ. ಎರಡು ಬದಿಯನ್ನೂ ಬಿಡಿಸಿ ರಟ್ಟಿಗೆ ಅಂಟಿಸಿ, ಅಂಚಿಗೆ ಬಟ್ಟೆ ಕಟ್ಟಿ, ಮೇಲೆ ಮೇಣ ಸವರಿ, ಒಂದು ಗ್ರಂಥಕ್ಕೆ ಸಲ್ಲುವ ಸಕಲ ಮರ್ಯಾದೆಯೊಂದಿಗೆ ಡ್ರಮ್ಮಿಗೆ ತೂಗುಹಾಕಿದ.

ಮಾರನೆಯ ವರ್ಷ ಗಿಡ ಹನ್ನೆರಡು ಹಣ್ಣು ಬಿಟ್ಟಿತು. ಹನ್ನೊಂದು ಹಕ್ಕಿಗಳ ಪಾಲಾದವು. ಉಳಿದ ಒಂದನ್ನು, ನಾನು, ನನ್ನ ಹೆಂಡತಿ, ಅತ್ತಿಗೆ ಮೂವರೂ ನೋಡುತ್ತ ನಿಂತಿರುವಾಗಲೇ, ಅಂಟು ಕಿತ್ತು ಬಾಯಿಗೆ ಹಾಕಿಕೊಂಡ. ಆಮೇಲೆ ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲೇ ಇಲ್ಲ.

"ಹೇಗಿದೆ?" ಎಂದೆ.

"ಹೇಳೋಕಾಗಲ್ಲ. ತಿಂದೇ ನೋಡ್ಬೇಕು."

"ಇದ್ದಿದ್ದೇ ಒಂದು!" ಎಂದರು ಅತ್ತಿಗೆ. "ಅರ್ಧ ಕಚ್ಚಿ ಕೊಡೋಕೆ ಏನಾಗಿತ್ತು ನಿಮಗೆ?"

"ಮುಂದಿನ ವರ್ಷದ್ದೆಲ್ಲ ನಿಂದೇ ಕಣೇ. ಬೊಗಸೆ ತುಂಬ."

ಆ ಹಣ್ಣಿನ ರುಚಿ ಏನಿರಬಹುದು ಎಂಬ ಕುತೂಹಲ ಅಂದಿನಿಂದ ನನ್ನನ್ನು ಹಿಡಿಯಿತು. ಸಿಹಿಯೋ? ಹುಳಿಯೋ? ದ್ರಾಕ್ಷಿಯ ಹಾಗೋ, ನೇರಳೆಯ ಹಾಗೋ? ಎಷ್ಟು ಸಂಜೆ ಕೇಳಿದರೂ ಒಂದೇ ಉತ್ತರ. ಅವನು ಆಸ್ಪತ್ರೆ ಸೇರಿದ ಮೇಲೂ, ಬೇರೆ ಮಾತು ತೋಚದೆ, ಒಂದು ದಿನ ಅದನ್ನೇ ಕೇಳಿದೆ. ನಕ್ಕ. ಆಮೇಲೆ ಅಂದ: "ಬೊಗಸೆ ಹಣ್ಣು ಅವಳಿಗೆ ಬಾಕಿ ಇದೆ, ನೀನು ನೋಡ್ಕೋ. ಕೊಂಬೆಗೆ ಕೆಂಪು ದಾರ ಕಟ್ಟಿಟ್ಟಿದ್ದೀನಿ. ನಿನಗೆ ಗೊತ್ತಾಗುತ್ತೆ."

ಗೊತ್ತಾಯಿತು ಎಂದುಕೊಂಡೆ. ಅದಾದ ಒಂಬತ್ತನೆಯ ದಿನ ಅವನು ಹೋದ. ಕೇಳಬೇಕಾದದ್ದು ರುಚಿಯನ್ನಲ್ಲ, ದಾರದ ಅರ್ಥವನ್ನು ಎಂದು ಹೊಳೆಯುವ ಹೊತ್ತಿಗೆ ಕೇಳಲು ಅವನಿರಲಿಲ್ಲ.

ಅತ್ತಿಗೆ ಮನೆ ಬಿಟ್ಟು ಬೇರೆ ಊರಿನ ತಂಗಿಯ ಜತೆ ಇರಲು ಹೊರಟರು. ಹೊರಡುವ ಮುನ್ನ ಫೋಟೊದ ಮುಂದೆ ನಿಂತು ನಾನು ಘೋಷಣೆ ಮಾಡಿದ್ದು ಆಗಲೇ. ಡ್ರಮ್ಮನ್ನು ನಾಲ್ಕು ಜನ ಹೊತ್ತು ನಮ್ಮ ಮನೆಗೆ ತಂದರು. ಗಿಡವನ್ನು ಹಿತ್ತಲಿನ ನೆಲದಲ್ಲಿ, ಬಟ್ಟೆ ಒಣಗಿಸುವ ಕಂಬದ ಪಕ್ಕ ನೆಟ್ಟೆ. ಚೀಟಿಯ ರಟ್ಟನ್ನು ಕಂಬಕ್ಕೆ ತೂಗುಹಾಕಿದೆ. ಓದಲಿಲ್ಲ. ತಿದ್ದಿಯಾಗಿದ್ದ ಪ್ರೂಫನ್ನು ಮತ್ತೆ ಯಾರು ಓದುತ್ತಾರೆ?

ಗಿಡದಲ್ಲಿ ಒಟ್ಟು ಒಂಬತ್ತು ಕೊಂಬೆ. ಐದು ಹಸಿರಾಗಿ, ತೆಳ್ಳಗೆ, ಉದ್ದವಾಗಿದ್ದವು. ಐದಕ್ಕೂ ಕೆಂಪು ದಾರ. ನಾಲ್ಕು ಕಂದುಬಣ್ಣದವು, ಒರಟು, ಅವಕ್ಕೆ ದಾರವಿಲ್ಲ. ನಾನು ಹೊಸ ಕತ್ತರಿ ತಂದು, ಬರಿಗೈಯಲ್ಲಿ ಕೊಂಬೆ ಹಿಡಿದು (ಮುಳ್ಳಿಲ್ಲವಲ್ಲ!) ಕೆಂಪು ದಾರ ಕಟ್ಟಿದ ಮೊದಲನೆಯದನ್ನು ಬುಡಕ್ಕೇ ಕತ್ತರಿಸಿದೆ. ನನ್ನ ಹೆಂಡತಿ ಬಟ್ಟೆ ಹರವುತ್ತಿದ್ದವಳು ನಿಂತಳು.

"ರೀ, ಹಸಿರಾಗಿರೋದನ್ನ ಕತ್ತರಿಸ್ತಿದ್ದೀರಲ್ಲ?"

"ಕೆಂಪು ಅಂದ್ರೆ ಏನು? ತೆಗೆದುಹಾಕು ಅಂತ. ಮೂವತ್ತೊಂದು ವರ್ಷದ ನಿಯಮ."

"ಅದು ನಿಮ್ಮ ನಿಯಮ. ದಾರ ಕಟ್ಟಿದ್ದು ಅವರು."

"ನಾವಿಬ್ಬರೂ ಒಂದೇ ಪ್ರೆಸ್ಸಿನವರು ಮಾರಾಯ್ತಿ. ನಮ್ಮ ನಮ್ಮಲ್ಲಿ ಒಂದು ಭಾಷೆ ಇದೆ. ನಿನಗೆ ಅರ್ಥ ಆಗಲ್ಲ."

"ಅದಂತೂ ನಿಜ," ಎಂದು ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ನಾನು ಉಳಿದ ನಾಲ್ಕನ್ನೂ ಕತ್ತರಿಸಿದೆ. ದಾರ ಸಮೇತ ಐದು ಕೋಲುಗಳನ್ನೂ ಒಂದೇ ಅಳತೆಗೆ ಮಾಡಿ, ಅವಳ ಹುರುಳಿಕಾಯಿ ಬಳ್ಳಿಗೆ ಊರುಗೋಲಾಗಿ ನೆಟ್ಟೆ. ಅಚ್ಚುಕಟ್ಟು ಎಂದರೆ ಅದು.

ಚಳಿ ಮುಗಿಯಿತು. ಅಕ್ಕಪಕ್ಕದ ಮನೆಗಳ ಗಿಡಗಳೆಲ್ಲ ಚಿಗುರಿದವು. ನನ್ನ ನಾಲ್ಕು ಕಂದು ಕೊಂಬೆಗಳು ಮಾತ್ರ ಧ್ಯಾನದಲ್ಲಿದ್ದವು. ನಾನು ದಿನಕ್ಕೆ ಎರಡು ಸಲ ಭೂತಗನ್ನಡಿ ಹಿಡಿದು ಅವುಗಳ ಗಿಣ್ಣು ಪರೀಕ್ಷಿಸುತ್ತಿದ್ದೆ.

"ಸತ್ತಿದೆಯೇನೋ," ಎಂದಳು ಹೆಂಡತಿ.

"ಹಾಗನ್ನಬೇಡ."

ನಾನು ಅದನ್ನು ಹೇಳಿದ ರೀತಿಗೆ ಅವಳು ಆಮೇಲೆ ಆ ಮಾತೆತ್ತಲಿಲ್ಲ. ಮರುದಿನ ಎಲ್ಲಿಂದಲೋ ಎರಡು ಬುಟ್ಟಿ ಗೊಬ್ಬರ ತರಿಸಿ ಕಂಬದ ಬಳಿ ಇಟ್ಟಿದ್ದಳು.

ಗೊಬ್ಬರವನ್ನು ಮೇಲೆ ಚೆಲ್ಲುವುದು ಸೋಮಾರಿಗಳ ಕೆಲಸ. ಅದು ಬೇರಿಗೇ ಮುಟ್ಟಬೇಕು. ನಾನು ಗುದ್ದಲಿ ತೆಗೆದುಕೊಂಡು, ಗಿಡದ ಸುತ್ತ ಒಂದು ಮೊಳ ಆಳಕ್ಕೆ, ಕೋಟೆಯ ಕಂದಕದಂಥ ಕಂದಕ ತೋಡಿದೆ. ದಾರಿಗೆ ಅಡ್ಡ ಬಂದ ಬೇರುಗಳನ್ನೆಲ್ಲ ಕಡಿದೆ. ಗೊಬ್ಬರ ತುಂಬಿದೆ, ನೀರು ಬಿಟ್ಟೆ. ಒಂದು ವಾರದಲ್ಲಿ ನಾಲ್ಕು ಕಂದು ಕೊಂಬೆಗಳೂ ಮುಟ್ಟಿದರೆ ಪಟ್ಟೆಂದು ಮುರಿಯುವಷ್ಟು ಒಣಗಿದವು. ಬುಡವನ್ನು ಹಿಡಿದು ಅಲ್ಲಾಡಿಸಿದರೆ ಅದು ಕಿತ್ತು ಕೈಗೇ ಬಂತು.

ಅಂದು ಸಂಜೆ ಐದೂವರೆಗೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿನಿಂದ ಚಹಾ ಬಂತು. ಹೆಂಡತಿಯೂ ತನ್ನ ಲೋಟ ಹಿಡಿದು ಪಕ್ಕದಲ್ಲಿ ಕೂತಳು.

ಹದಿನೆಂಟು ದಿನ ಕಳೆದ ಮೇಲೆ, ಕಂದಕದ ಆಚೆ, ಯಾರೂ ಏನೂ ನೆಡದ ಜಾಗದಲ್ಲಿ, ನೆಲ ಸೀಳಿಕೊಂಡು ಒಂದು ಚಿಗುರು ಬಂತು. ಮರುದಿನ ಇನ್ನೆರಡು. ಎಲೆ ನೋಡಿದೆ: ಅದೇ! ಕಡಿದ ಬೇರುಗಳು ಬದುಕಿದ್ದವು. ಓಡಿಹೋಗಿ ಅತ್ತಿಗೆಗೆ ಫೋನ್ ಮಾಡಿದೆ.

"ಅತ್ತಿಗೆ, ಚಿಗುರಿದೆ. ಗಿಡ ನೆಟ್ಟವನು ಮಾತ್ರ ಅವನು. ಬೆಳೆಸೋನು ನಾನು. ಹಣ್ಣಿನ ಕಾಲಕ್ಕೆ ಬಂದುಬಿಡಿ."

"ಬರ್ತೀನಿ," ಎಂದರು ಅವರು. ಆಮೇಲೆ ಕೇಳಿದರು, "ರುಚಿ ಹೇಗಿರುತ್ತೆ ಅಂತ ಅವರು ನಿಮಗೇನಾದ್ರೂ ಹೇಳಿದ್ರಾ?"

"ಇಲ್ಲ. ನಿಮಗೆ?"

"ನನಗೂ ಇಲ್ಲ."

ಚಿಗುರು ಮೊಣಕಾಲೆತ್ತರ ಬಂದಿತ್ತು. ಒಂದು ಬೆಳಿಗ್ಗೆ ಹೆಂಡತಿ ಹಿತ್ತಲಿನಿಂದ ಕೂಗಿದಳು.

"ರೀ, ಸ್ವಲ್ಪ ಬನ್ನಿ ಇಲ್ಲಿ. ಮುಳ್ಳಿಲ್ಲದ ಗಿಡ ಟವೆಲನ್ನ ಹೇಗೆ ಹಿಡ್ಕೊಂಡಿದೆ ಅಂತ ಹೇಳಿ."

ಗಾಳಿಗೆ ಹಾರಿದ ಟವೆಲ್ ಗಿಡಕ್ಕೆ ಸಿಕ್ಕಿಕೊಂಡಿತ್ತು. ಬಿಡಿಸಲು ಹೋದ ನನ್ನ ಬೆರಳಿನಿಂದ ರಕ್ತ ಬಂತು. ಬಗ್ಗಿ ನೋಡಿದೆ. ಕಾಂಡದುದ್ದಕ್ಕೂ ಮುಳ್ಳು! ಸಣ್ಣ, ಕೊಕ್ಕೆಯಂಥ, ಕೆಂಪಗಿನ ಮುಳ್ಳು, ಒತ್ತೊತ್ತಾಗಿ.

ಮನುಷ್ಯನ ಕೈಯಲ್ಲಿ ಗಿಡ ಒಣಗಿದ್ದನ್ನು ಕೇಳಿದ್ದೇನೆ. ಮುಳ್ಳಿಲ್ಲದ ಗಿಡಕ್ಕೆ ಮುಳ್ಳು ಬಂದದ್ದನ್ನು ಎಲ್ಲೂ ಓದಿರಲಿಲ್ಲ. ನನ್ನ ಕೈಗುಣಕ್ಕೆ ಪ್ರಕೃತಿಯೇ ಮನಸ್ಸು ಬದಲಿಸಿತೇ? ದುಃಖಕ್ಕಿಂತ ಕುತೂಹಲ ಜಾಸ್ತಿಯಾಗಿ, ಒಂದು ಚಿಗುರನ್ನು ಕಾಗದದಲ್ಲಿ ಸುತ್ತಿಕೊಂಡು ನರ್ಸರಿಗೆ ಹೋದೆ. ಅಲ್ಲಿನ ಯಜಮಾನಿ ಅದನ್ನು ತಿರುಗಿಸಿ ನೋಡಿದರು.

"ಗುದ್ದಲಿ ಹಾಕಿದ್ರಾ?"

"ಸ್ವಲ್ಪ."

"ಬೇರು ಕಡಿದ್ರಾ?"

"ಕೆಲವು."

"ಅದಕ್ಕೇ. ಈ ಜಾತಿಯಲ್ಲಿ ಮುಳ್ಳು ಹೋಗಿರೋದು ಮೇಲಿನ ಸಿಪ್ಪೆಯಲ್ಲಿ ಮಾತ್ರ ಸಾರ್. ಒಳಗಡೆ ಹಳೇ ಗಿಡವೇ ಇರುತ್ತೆ. ಬೇರು ಗಾಯ ಆದ್ರೆ ಒಳಗಿಂದ ಚಿಗುರುತ್ತೆ, ಮುಳ್ಳು ಸಮೇತ. ನಮ್ಮ ಚೀಟಿ ಓದಿದ್ರಾ?"

"ಓದಿದ್ದೀನಿ," ಎಂದೆ ಗಂಭೀರವಾಗಿ. "ಅದರಲ್ಲಿ ಮೂರು ತಪ್ಪಿತ್ತು."

ಆಕೆ ನನ್ನನ್ನೂ ಚಿಗುರನ್ನೂ ಒಮ್ಮೆ ನೋಡಿ, ಚಿಗುರನ್ನು ವಾಪಸು ಕೊಟ್ಟರು.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಹೊರಗೆ ಅಷ್ಟು ನುಣುಪು, ಒಳಗೆ ಅಷ್ಟೂ ಮುಳ್ಳು. ನಾನು ಬಲ್ಲ ಒಬ್ಬ ಬೈಂಡರ್ ಇದಕ್ಕೆ ಸರಿಯಾಗಿ ಉಲ್ಟಾ ಇದ್ದ.

ಹಣ್ಣಿನ ಕಾಲಕ್ಕೆ ಅತ್ತಿಗೆ ಬಂದೇಬಿಟ್ಟರು, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಹಿಡಿದು. ಬಸ್ಸಿಳಿದವರು ನೇರ ಹಿತ್ತಲಿಗೆ ನಡೆದರು. ಗಿಡವೇನೋ ಎದೆಯೆತ್ತರ ಬೆಳೆದಿತ್ತು. ಒಂದು ಹೂವಿಲ್ಲ, ಕಾಯಿಲ್ಲ. ಅವರು ಡಬ್ಬಿಯನ್ನು ಸುಮ್ಮನೆ ಸೆರಗಿನಡಿ ಸರಿಸಿಕೊಂಡದ್ದನ್ನು ನಾನು ನೋಡಿದೆ. ಆ ಕ್ಷಣ ಕಂದಕ ಇನ್ನೂ ಮುಚ್ಚಿರಬಾರದಿತ್ತು, ಇಳಿದು ಮಲಗಬಹುದಿತ್ತು ಅನ್ನಿಸಿತು.

"ಈ ವರ್ಷ ಯಾಕೋ..." ಎಂದು ಶುರುಮಾಡಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಹುರುಳಿಕಾಯಿ ಬಳ್ಳಿಯ ಕಡೆ ನೋಡುತ್ತಿದ್ದರು.

"ಆ ಕೋಲಿಗೆ ಕಟ್ಟಿರೋ ದಾರ ನಮ್ಮವರದ್ದಲ್ವಾ?"

"ಹೌದು. ತೆಗೆದುಹಾಕಬೇಕಾದ ಕೊಂಬೆಗೆಲ್ಲ ಗುರುತು ಮಾಡಿಟ್ಟಿದ್ದ. ಒಂದನ್ನೂ ಬಿಡದೆ ತೆಗೆದೆ."

"ತೆಗೆದುಹಾಕಬೇಕಾದ್ದಕ್ಕೆ?" ಅವರು ಕೋಲಿನ ಹತ್ತಿರ ಹೋಗಿ ಗಂಟನ್ನು ಮುಟ್ಟಿದರು. "ತಿದ್ದುಪಡಿಯವರೇ, ದಪ್ಪ ಪುಸ್ತಕದ ಬೆನ್ನಿಗೆ ನಾವು ಕೆಂಪು ದಾರ ಇಡ್ತಿದ್ವಲ್ಲ, ಅದು ಯಾಕೆ?"

"ಓದಿದ ಪುಟ ಗುರುತಿಗೆ."

"ಅಂದ್ರೆ?"

"ಇಲ್ಲಿಗೆ ಮತ್ತೆ ಬರ್ತೀನಿ ಅಂತ..." ಎಂದವನು ಅಲ್ಲಿಗೇ ನಿಂತೆ.

ಹೊಸ ಕೊಂಬೆಗಳವು. ಆ ವರ್ಷ ಬೆಳೆದು ಮರುವರ್ಷ ಹಣ್ಣು ಬಿಡಬೇಕಾದವು. ಇಲ್ಲಿಗೆ ಮತ್ತೆ ಬರುತ್ತೇನೆ ಎಂದು ಅವನು ಐದು ಕಡೆ ಗುರುತಿಟ್ಟಿದ್ದ. ಐದನ್ನೂ ನಾನು ಹುರುಳಿಕಾಯಿಗೆ ಊರಿದ್ದೆ. ಹಣ್ಣು ಬಿಟ್ಟು ಮುಗಿಸಿದ್ದ ಮುದಿ ಕೊಂಬೆಗಳಿಗೆ ಚಳಿಗಾಲವಿಡೀ ಸೇವೆ ಮಾಡಿದ್ದೆ.

ನಾನು ತಲೆ ಎತ್ತಲಿಲ್ಲ. ಒಂದು ವಿಚಿತ್ರ ಸದ್ದು ಕೇಳಿಸಿತು. ಅತ್ತಿಗೆ ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಆಸರೆಗೆಂದು ಗಿಡ ಹಿಡಿಯಲು ಹೋಗಿ "ಅಯ್ಯಮ್ಮಾ!" ಎಂದು ಕೈ ಕಿತ್ತುಕೊಂಡರು.

"ಮುಳ್ಳಿಲ್ಲದ್ದು ಅಂತ ಅವರು ಹೇಳಿದ್ರು!"

"ಅದೂ ಇವರದ್ದೇ ಕೆಲಸ ಅಕ್ಕ," ಎಂದಳು ನನ್ನ ಹೆಂಡತಿ. "ಬನ್ನಿ ಒಳಗೆ, ಕೂತು ಹೇಳ್ತೀನಿ. ತುಂಬಾ ಇದೆ."

ಒಳಗಿನಿಂದ ಇಬ್ಬರ ನಗು ಒಂದು ಗಂಟೆ ಕೇಳಿಸುತ್ತಿತ್ತು. ಅವನು ಹೋದ ಮೇಲೆ ಅತ್ತಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊರಡುವಾಗ ಅವರು ಊರುಗೋಲಿನಿಂದ ದಾರಗಳನ್ನು ಬಿಚ್ಚಿ, ಬೆರಳು ಚುಚ್ಚಿಸಿಕೊಳ್ಳುತ್ತಲೇ ಮುಳ್ಳಿನ ಕೊಂಬೆಗಳಿಗೆ ಕಟ್ಟಿದರು. "ಮುಂದಿನ ವರ್ಷ ಬರ್ತೀನಿ. ಅಲ್ಲಿವರೆಗೆ ನೀವು ಏನೂ ಮಾಡ್ಬೇಡಿ."

ಏನೂ ಮಾಡದೆ ಇರುವುದು ನನ್ನ ಜೀವನದ ಅತಿ ಕಠಿಣ ಕೆಲಸ. ಆದರೂ ಮಾಡಿದೆ, ಅಂದರೆ ಮಾಡಲಿಲ್ಲ. ಚಳಿ ಕಳೆದ ಮೇಲೆ ದಾರದ ಕೊಂಬೆಗಳಲ್ಲಿ ಬಿಳಿ ಹೂ ಬಂತು, ಹಸಿರು ಕಾಯಿ ಬಂತು, ಕಾಯಿ ಕೆಂಪಾಯಿತು. ಹೆಂಡತಿ ಹಳೇ ಸೊಳ್ಳೆಪರದೆ ಹೊದಿಸಿ ಹಕ್ಕಿಗಳನ್ನು ದೂರವಿಟ್ಟಳು. ಹಣ್ಣು ಕಪ್ಪಾಗಿ ಮಿರಮಿರ ಮಿಂಚಿದ ದಿನ ಫೋನ್ ಮಾಡಿದೆ. ಮಾರನೆಯ ಮಧ್ಯಾಹ್ನವೇ ಅತ್ತಿಗೆ ಡಬ್ಬಿಯೊಂದಿಗೆ ಬಂದರು, ಮೂರು ದಿನ ಇರುತ್ತೇನೆ ಎಂದು.

ಮೊದಲ ಹಣ್ಣನ್ನು ನಾನೇ ಕಿತ್ತು, ಮುಂಗೈ ತುಂಬ ಗೀರಿಸಿಕೊಂಡು, ಅವರ ಅಂಗೈಗಿಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಆ ಮುಖ ನನಗೆ ಗೊತ್ತಿತ್ತು. ತಾರಸಿಯ ಮೇಲೆ, ಡ್ರಮ್ಮಿನ ಪಕ್ಕ, ಇದೇ ಮುಖವನ್ನು ನೋಡಿದ್ದೆ.

"ಹೇಗಿದೆ?" ಎಂದೆ.

"ಹುಳಿ," ಎಂದರು ಅತ್ತಿಗೆ, ಕಣ್ಣೀರು ಒರೆಸಿಕೊಳ್ಳುತ್ತ. "ಹಲ್ಲೆಲ್ಲ ಜುಮ್ ಅಂತು. ಅಯ್ಯೋ ಪುಣ್ಯಾತ್ಮ! ಆವತ್ತು ಹುಳಿಗೆ ಕಣ್ಣು ಮುಚ್ಚಿ, ನಮ್ಮ ಮುಂದೆ ಆ ನಾಟಕವಾ?"

ಮೂವರೂ ಗಿಡದ ಮುಂದೆ ನಿಂತಿದ್ದೆವು. ಹಾಗಾದರೆ ಇಷ್ಟೇನಾ? ಎರಡು ವರ್ಷದ ನನ್ನ ಕುತೂಹಲ ಗಾಳಿ ಹೋದ ಬಲೂನಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಕಂಬದಿಂದ ರಟ್ಟನ್ನು ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿ ಓದತೊಡಗಿದಳು.

"ಹಣ್ಣು ಕಪ್ಪಾದ ಕೂಡಲೇ ಕೀಳಬೇಡಿ. ಹೊಳಪು ಮಾಸುವವರೆಗೆ ನಾಲ್ಕೈದು ದಿನ ಕಾಯಿರಿ. ಇಲ್ಲದಿದ್ದರೆ ಹುಳಿ ಇರುತ್ತದೆ." ನನ್ನನ್ನು ನೋಡಿದಳು. "ಇಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಕ್ಷರ ತಿದ್ದಿದೆ. ಯಾರದ್ದು?"

"ನನ್ನದು."

"ಒಮ್ಮೆ ಹಣ್ಣು ಬಿಟ್ಟ ಕೊಂಬೆ ಮತ್ತೆ ಬಿಡುವುದಿಲ್ಲ. ಹಳೆಯದನ್ನು ಕತ್ತರಿಸಿ ಹೊಸದನ್ನು ಉಳಿಸಿ. ಇಲ್ಲೂ ತಿದ್ದಿದೆ."

"ನಂದೇ."

"ಬುಡದ ಸುತ್ತ ಅಗೆಯಬೇಡಿ. ಬೇರಿಗೆ ಪೆಟ್ಟಾದರೆ ಮುಳ್ಳಿನ ಚಿಗುರು ಬರುತ್ತದೆ. ಇಲ್ಲೂ."

ನಾನು ಹುರುಳಿಕಾಯಿ ಬಳ್ಳಿಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ. ಮೂರೇ ಸೂಚನೆ ನನಗೆ ಬೇಕಿದ್ದದ್ದು. ಮೂರರ ಮೇಲೂ ನನ್ನ ಪೆನ್ನು ಓಡಾಡಿತ್ತು.

"ಓದದೇನೇ ತಿದ್ದೋಕೆ ಆಗುತ್ತಾ ಅಕ್ಕ?" ಎಂದು ಹೆಂಡತಿ ಅತ್ತಿಗೆಯನ್ನು ಕೇಳಿದಳು.

"ಇವರಿಗಾಗುತ್ತೆ," ಎಂದರು ಅತ್ತಿಗೆ. "ಅವರು ಯಾವಾಗ್ಲೂ ಹೇಳ್ತಿದ್ರು."

"ಹಾಗಾದ್ರೆ ಅವನು ಓದಿದ್ದನಲ್ಲ," ಎಂದು ನಾನು ಕೊನೆಯ ಪ್ರಯತ್ನ ಮಾಡಿದೆ. "ಅವನ್ಯಾಕೆ ಹುಳಿ ತಿಂದ?"

"ಓದಿದ್ರು. ಹನ್ನೊಂದು ಹಕ್ಕಿ ಪಾಲಾಗಿತ್ತಲ್ಲ, ಇದೂ ಹೋಗುತ್ತೆ ಅಂತ ಕಾಯೋಕಾಗ್ಲಿಲ್ಲ ಪಾಪ." ಅವರು ಹಣ್ಣಿನ ಗೊಂಚಲನ್ನು ನೋಡಿದರು. "ಪರದೆ ಇದೆಯಲ್ಲ ಈಗ. ನಾನು ಕಾಯ್ತೀನಿ."

ಮೂರು ದಿನಕ್ಕೆಂದು ಬಂದವರು ಐದು ದಿನ ನಿಂತರು. ದಿನಾ ಸಂಜೆ ಐದೂವರೆಗೆ ಮೂವರೂ ಮೆಟ್ಟಿಲ ಮೇಲೆ ಕೂತು, ಚಹಾ ಕುಡಿಯುತ್ತ, ಹಣ್ಣುಗಳ ಹೊಳಪು ಎಷ್ಟು ಮಾಸಿತು ಎಂದು ವಾದ ಮಾಡುತ್ತಿದ್ದೆವು. ಐದನೆಯ ದಿನ ಅವು ಮಸಿಯ ಹಾಗೆ ಮಂಕಾದವು. ಮುಟ್ಟಿದರೆ ತಾವಾಗಿ ಕೈಗೆ ಬಂದವು. ಎಣಿಸಿದೆ: ಹದಿನೇಳು. ಸರಿಯಾಗಿ ಒಂದು ಬೊಗಸೆ. ಅತ್ತಿಗೆಯ ಕೈಗೆ ಹಾಕಿದೆ. ಘೋಷಣೆ ನೆರವೇರಿತು.

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಒಂದೊಂದಾಗಿ ತಿಂದರು. ಯಾರ ಕಡೆಗೂ ನೋಡಲಿಲ್ಲ. ಹದಿನಾರು ಮುಗಿದವು. ಕೊನೆಯದನ್ನು ಎತ್ತಿ ಹಿಡಿದಾಗ ನಾನು ಮೆಲ್ಲಗೆ ಕೈ ಚಾಚಿದೆ. ಅವರು ನನ್ನ ಕೈ ದಾಟಿಸಿ ಅದನ್ನು ನನ್ನ ಹೆಂಡತಿಯ ಬಾಯಿಗೆ ಹಾಕಿದರು.

"ಪರದೆ ಹೊದಿಸಿದ್ದು ಅವಳಲ್ವಾ?"

ಹೆಂಡತಿ ಕಣ್ಣು ಮುಚ್ಚಿದಳು.

"ಹೇಗಿದೆಯೇ?" ಎಂದೆ.

"ಹೇಳೋಕಾಗಲ್ಲ ರೀ. ತಿಂದೇ ನೋಡ್ಬೇಕು."

ಹೊರಡುವ ಮುನ್ನ ಅತ್ತಿಗೆ ಈ ವರ್ಷದ ಹೊಸ ಕೊಂಬೆಗಳಿಗೆಲ್ಲ ಕೆಂಪು ದಾರ ಕಟ್ಟಿದರು. ಒಂದು ತುಂಡು ಉಳಿಯಿತು. ಅವರು ಗೋಡೆಯ ಗೂಡಿನಲ್ಲಿದ್ದ ನನ್ನ ಕತ್ತರಿಯನ್ನು ತೆಗೆದು, ಎರಡು ಹಿಡಿಗಳನ್ನೂ ಜೋಡಿಸಿ, ನಾಲ್ಕು ಸುತ್ತು ಸುತ್ತಿ, ಗಂಟು ಹಾಕಿ, ನನ್ನ ಕೈಗೆ ಕೊಟ್ಟರು.

"ಚೀಟಿ ಓದಿ ಮುಗಿಸಿದ ಮೇಲೆ ಬಿಚ್ಚಿ."

ಚೀಟಿಯನ್ನು ನಾನು ಅಂದೇ ಎರಡು ಸಲ ಓದಿದೆ. ಅದರಲ್ಲಿ ನಾಲ್ಕನೆಯ ತಪ್ಪೊಂದು ಇನ್ನೂ ಇದೆ, ಹಾಗೇ ಬಿಟ್ಟಿದ್ದೇನೆ. ಗಂಟು ಮಾತ್ರ ಇವತ್ತಿನವರೆಗೂ ಬಿಚ್ಚಲು ಬಂದಿಲ್ಲ. ಪುಸ್ತಕ ಹೊಲಿಯುವವರ ಗಂಟದು. ಅದನ್ನು ಕತ್ತರಿಸಬೇಕೆಂದರೆ ಮನೆಯಲ್ಲಿ ಇನ್ನೊಂದು ಕತ್ತರಿ ಬೇಕು. ಅದನ್ನು ನನ್ನ ಹೆಂಡತಿ ಎಲ್ಲಿಟ್ಟಿದ್ದಾಳೋ ಹೇಳುತ್ತಿಲ್ಲ.